ಬೋಟಿನ ಜಿಪಿಎಸ್‌ನಿಂದ ಇಎಸ್‌ಪಿ32ಗೆ: ಯಾವ ರಿಸೀವರ್ ಚಿಪ್ ಹಾಕಲಿ?

ಮಲ್ಪೆ_ದಕ್ಕೆ:
ಭಾವನ ಬೋಟಿನ ಜಿಪಿಎಸ್‌ನಲ್ಲಿ ಎನ್‌ಎಂಇಎ 0183 (ಬೋಟಿನ ಉಪಕರಣಗಳು ಒಂದಕ್ಕೊಂದು ಡೇಟಾ ಕಳಿಸುವ ಸ್ಟ್ಯಾಂಡರ್ಡ್) ಔಟ್‌ಪುಟ್ ಉಂಟು, ಎ ಮತ್ತು ಬಿ ಅಂತ ಎರಡು ವೈರ್. ಬೋಟು ಹೋದ ದಾರಿಯನ್ನು ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್‌ನಿಂದ ಮೆಮೊರಿ ಕಾರ್ಡ್‌ಗೆ ಬರೆಯಬೇಕು. ಕೈಯಲ್ಲಿದ್ದ ನೀಲಿ ಮ್ಯಾಕ್ಸ್485 ಮಾಡ್ಯೂಲಿಗೆ (ಎರಡು ವೈರಿನ ಸಿಗ್ನಲ್ಲನ್ನು ಒಂದು ಪಿನ್ನಿಗೆ ತರುವ ಚಿಪ್) 5 ವೋಲ್ಟ್ ಕೊಟ್ಟು ಜೋಡಿಸಿದೆ. ಎ ವೈರ್ ಎಗೆ, ಬಿ ವೈರ್ ಬಿಗೆ. ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್) 4800. ಬರುವುದು ಬರೀ ಕಸ, ಸಾಲಿನ ಮೊದಲಿಗೆ ಬರಬೇಕಾದ ಒಂದು ಡಾಲರ್ ಚಿಹ್ನೆಯೂ ಕಾಣುವುದಿಲ್ಲ. ಅಂಗಡಿಯವರು ಎಎಂ26ಎಲ್‌ಎಸ್32 ಎಂಬ ರಿಸೀವರ್ ಚಿಪ್ ಹಾಕಿ ಅನ್ನುತ್ತಾರೆ. ಎಂತ ಮಾಡುವುದು?

ಕುಡ್ಲ_ಸೋಲ್ಡರ್:
ಚಿಪ್ ತರುವ ಮೊದಲು ಎರಡು ವೈರ್ ಅದಲುಬದಲು ಮಾಡಿ ನೋಡಿ ಮಾರಾಯ್ರೆ. ಎನ್‌ಎಂಇಎಯಲ್ಲಿ ಲೈನ್ ಸುಮ್ನೆ ಇರುವಾಗ ಬಿಗಿಂತ ಎ ಕೆಳಗಿರಬೇಕು. ಮ್ಯಾಕ್ಸ್485ರಲ್ಲಿ ಉಲ್ಟಾ, ಎ ಮೇಲಿದ್ದರೆ ಮಾತ್ರ ಔಟ್‌ಪುಟ್ ಹೈ. ಲೈನ್ ಸುಮ್ನೆ ಇರುವಾಗ ಇಎಸ್‌ಪಿ32ಗೆ ಹೈ ಬೇಕು. ಹೆಸರು ಒಂದೇ, ಅರ್ಥ ಬೇರೆ. ಜಿಪಿಎಸ್‌ನ ಎ ಚಿಪ್‌ನ ಬಿಗೆ ಹೋಗಬೇಕು. ಅನುಮಾನ ಇದ್ದರೆ ಮಲ್ಟಿಮೀಟರ್‌ನ ಕೆಂಪು ಕಡ್ಡಿ ಎಗೆ, ಕಪ್ಪು ಬಿಗೆ ಹಿಡಿಯಿರಿ. ಡೇಟಾ ಬರುವ ನಡುವಿನ ಬಿಡುವಿನಲ್ಲಿ ಮೈನಸ್ ತೋರಿಸಬೇಕು.

ಚಿಪ್ ವಿಷಯ. ಮ್ಯಾಕ್ಸ್485 5 ವೋಲ್ಟಿನದ್ದು, ಅದರ ಔಟ್‌ಪುಟ್ ನೇರವಾಗಿ ಇಎಸ್‌ಪಿ32ರ 3.3 ವೋಲ್ಟಿನ ಪಿನ್ನಿಗೆ ಕೊಡಬೇಡಿ. ಮ್ಯಾಕ್ಸ್3485 ತಗೊಳ್ಳಿ. ಪಿನ್‌ಗಳು ಅವೇ, 3.3 ವೋಲ್ಟಿನಲ್ಲಿ ಓಡುತ್ತದೆ. ಆರ್‌ಇ (ಕೇಳುವ ಭಾಗ ಆನ್ ಮಾಡುವ ಪಿನ್), ಡಿಇ (ಕಳಿಸುವ ಭಾಗ ಆನ್ ಮಾಡುವ ಪಿನ್) ಎರಡನ್ನೂ ಗ್ರೌಂಡಿಗೆ ಕಟ್ಟಿ. ಇಲ್ಲದಿದ್ದರೆ ನಿಮ್ಮ ಚಿಪ್ ಜಿಪಿಎಸ್ ಜೊತೆ ಜಗಳಕ್ಕೆ ಇಳಿಯಬಹುದು.

ಎಎಂ26ಎಲ್‌ಎಸ್32ರಲ್ಲಿ ನಾಲ್ಕು ರಿಸೀವರ್ ಇವೆ, ಅದಕ್ಕೂ 5 ವೋಲ್ಟ್ ಬೇಕು. ಒಂದು ಜಿಪಿಎಸ್‌ಗೆ ಅದು ಜಾಸ್ತಿ ಆಯ್ತು. ಅದರ 3.3 ವೋಲ್ಟಿನ ತಮ್ಮ ಎಎಂ26ಎಲ್‌ವಿ32 ಬೋಟಿಗೆ ಬೇಡ. ಅದರ ಇನ್‌ಪುಟ್ −0.3ರಿಂದ 5.5 ವೋಲ್ಟಿನೊಳಗೇ ಇರಬೇಕು. ಮ್ಯಾಕ್ಸ್3485 ಆದರೆ −7ರಿಂದ +12ರವರೆಗೆ ತಡೆಯುತ್ತದೆ.

ಮಲ್ಪೆ_ದಕ್ಕೆ:
ವೈರ್ ಬದಲಿಸಿದೆ, ಸಾಲುಗಳು ಬಂದವು. ಥ್ಯಾಂಕ್ಸ್ ಸರ್! ಆದರೆ ನಡುನಡುವೆ ಅಕ್ಷರ ಹಾಳಾಗುತ್ತದೆ.

ಕುಡ್ಲ_ಸೋಲ್ಡರ್:
ಮಾಡ್ಯೂಲಿನಲ್ಲಿ 120 ಓಮ್ ರೆಸಿಸ್ಟರ್ ಇದ್ದರೆ ಕಿತ್ತು ಬಿಡಿ. ನಿಮ್ಮ ಒಂದು ಬಿಟ್ಟೇ 208 ಮೈಕ್ರೊಸೆಕೆಂಡ್. ಹತ್ತು ಮೀಟರ್ ಕೇಬಲ್‌ನಲ್ಲಿ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುವ ಪ್ರತಿಫಲನದ ಚಿಂತೆ ಬೇಡ. ಆ ರೆಸಿಸ್ಟರ್ ಸುಮ್ನೆ ಜಿಪಿಎಸ್‌ನ ಔಟ್‌ಪುಟ್ಟನ್ನು ಎಳೆಯುತ್ತದೆ.

ಮಣಿಪಾಲ_ಬೆಂಚ್:
ನನ್ನನ್ನು ಕೇಳಿದರೆ ಬೋಟಿನಲ್ಲಿ ಬರೀ ರಿಸೀವರ್ ಚಿಪ್ ಹಾಕುವುದೇ ಬೇಡ. ಎಂಜಿನ್ ಸ್ಟಾರ್ಟ್ ಆಗುವಾಗ ಗ್ರೌಂಡ್ ಎಲ್ಲೆಲ್ಲಿಗೋ ಹಾರುತ್ತದೆ. ಕೇಳುವ ಕಡೆ ಆಪ್ಟೋಕಪ್ಲರ್ (ವೈರ್ ಬದಲು ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್) ಇರಲಿ ಅಂತ ಆ ಸ್ಟ್ಯಾಂಡರ್ಡೇ ಹೇಳುತ್ತದೆ. 4800 ಅಂದರೆ ನಿಧಾನ, 6ಎನ್138 ಸಾಕು. ಆನೋಡ್ ಎ ಕಡೆಗೆ, ರೆಸಿಸ್ಟರ್ ಸರಣಿಯಲ್ಲಿ, ಎಲ್‌ಇಡಿಗೆ ಉಲ್ಟಾ ಸಮಾನಾಂತರವಾಗಿ ಒಂದು 1ಎನ್4148 ಡಯೋಡ್. ಔಟ್‌ಪುಟ್ಟಿಗೆ 3.3 ವೋಲ್ಟಿನಿಂದ ಪುಲ್‌ಅಪ್ ರೆಸಿಸ್ಟರ್. ಅಕ್ಷರ ಉಲ್ಟಾ ಆಗುವುದಿಲ್ಲ.

ಕುಡ್ಲ_ಸೋಲ್ಡರ್:
ಆಪ್ಟೋ ವಿಷಯ ಒಪ್ಪಿದೆ. ಆದರೆ ಇಎಸ್‌ಪಿ32ಗೆ ಅದೇ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಐಸೋಲೇಶನ್ (ಎರಡು ಕಡೆಯ ಗ್ರೌಂಡ್ ಬೇರೆ ಬೇರೆ ಇರುವುದು) ಅರ್ಧವೇ ಉಳಿಯುತ್ತದೆ, ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಕನೆಕ್ಟರಿಗೆ ಮೇಣವೋ ಗ್ರೀಸೋ ಹಚ್ಚಿ. ಉಪ್ಪು ಗಾಳಿಗೆ ತಾಮ್ರ ಹಸಿರಾಗಲು ಜಾಸ್ತಿ ದಿನ ಬೇಡ.

ಮಲ್ಪೆ_ದಕ್ಕೆ:
ರೆಸಿಸ್ಟರ್ ತೆಗೆದ ಮೇಲೆ ಸರಿಯಾಗಿ ಬರುತ್ತಾ ಉಂಟು. ಈ ಸಲ ಮ್ಯಾಕ್ಸ್3485 ಹಾಕಿ ಕಳಿಸುತ್ತೇನೆ. ಜೂನ್, ಜುಲೈಯಲ್ಲಿ ಬೋಟು ದಡದಲ್ಲೇ ಇರುತ್ತದಲ್ವಾ, ಆಪ್ಟೋ ಬೋರ್ಡ್ ಆಗ.