ಗೇಮ್‌ನಲ್ಲಿ ಜೊತೆಗೆ ಬರುವವರು ನಿಮಗೆ ಇಷ್ಟವಾಗ್ತಾರಾ?

ನೀರ್ಚಾಲಿನವಳು

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್ ಆಡುವವರಿಗೊಂದು ಪ್ರಶ್ನೆ. ನಮ್ಮ ಜೊತೆ ಊರೂರು ಅಲೆಯುವ ಕಂಪಾನಿಯನ್ ಪಾತ್ರಗಳು ನಿಮಗೆ ಇಷ್ಟವಾ? ಯಾರ ಕತ್ತಿ ಜೋರು, ಯಾರ ಮಂತ್ರ ಜೋರು ಎಂಬ ಲೆಕ್ಕ ಬೇಡ. ಬರೀ ಮನುಷ್ಯರಾಗಿ ಹೇಳಿ.

ನಮ್ಮಲ್ಲಿ ಮಳೆ ಬಿಡದ ದಿನ ಅಡಿಕೆಗೆ ಮದ್ದು ಬಿಡುವ ಹಾಗಿಲ್ಲ. ಆಗ ನಾನು ಬಾಲ್ಡರ್ಸ್ ಗೇಟ್ 3 ಆಡುತ್ತೇನೆ. ತಮ್ಮ ಪಕ್ಕದಲ್ಲಿ ಕೂತು ತೀರ್ಪು ಕೊಡುತ್ತಾನೆ. ಅವನಿಗೆ ಕಾರ್ಲ್ಯಾಕ್ ಒಬ್ಬಳು ಸಾಕು. ಎದೆಯಲ್ಲಿ ಹೃದಯದ ಬದಲು ನರಕದ ಎಂಜಿನ್ ಉರಿಯುತ್ತಿದೆ, ಆದರೂ ನಗುತ್ತಾಳೆ, ಕಂಡವರಿಗೆಲ್ಲ ಸಹಾಯ ಮಾಡುತ್ತಾಳೆ. ಅವಳನ್ನು ಇಷ್ಟಪಡುವುದು ಏನು ಕಷ್ಟ ಹೇಳಿ.

ನನಗೆ ಹಿಡಿಸಿದ್ದು ಲೇಝೆಲ್. ಮೊದಲ ಭೇಟಿಯಲ್ಲೇ ಕತ್ತಿ ಹಿರಿಯುತ್ತಾಳೆ. ಆಮೇಲೆ ಪಂಜರದಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಬಿಡಿಸಿದವರ ಮೇಲೂ ಅದೇ ದರ್ಪ. ನಮ್ಮೆಲ್ಲರ ತಲೆಯಲ್ಲಿ ಹುಳ ಇದೆ, ನಮ್ಮವರ ಹತ್ತಿರ ಮದ್ದಿದೆ, ನಡಿ ಅಂತ ಒಂದೇ ಹಟ. ತನ್ನ ರಾಣಿ ವ್ಲಾಕಿತ್ ಮೇಲೆ ಕುರುಡು ನಂಬಿಕೆ. ಕೊನೆಗೆ ಅವಳವರ ಠಾಣೆಗೆ ಹೋದರೆ, ಗುಣ ಮಾಡಬೇಕಾದ ಯಂತ್ರ ಕೊಲ್ಲಲಿಕ್ಕೆ ಇಟ್ಟದ್ದು. ಅದು ಗೊತ್ತಾದ ಮೇಲೂ ರಾಣಿಯ ಪರ ವಾದಿಸಲು ನೋಡುತ್ತಾಳಲ್ಲ, ಅಲ್ಲಿ ನನಗೆ ಪಾಪ ಅನಿಸಿತು.

ಇನ್ನು ಆಸ್ಟೇರಿಯನ್. ಎಲ್ಲರಿಗೂ ಇವನ ಹುಚ್ಚು. ದನಿ ಕೊಟ್ಟ ನೀಲ್ ನ್ಯೂಬಾನ್‌ಗೆ 2023ರಲ್ಲಿ ಗೇಮ್ ಅವಾರ್ಡ್ಸ್‌ನ ಅತ್ಯುತ್ತಮ ಅಭಿನಯ ಪ್ರಶಸ್ತಿ ಬಂತು, ಅದು ನ್ಯಾಯವೇ. ಆದರೆ ನಾನು ಯಾರಿಗಾದರೂ ಒಂದು ಉಪಕಾರ ಮಾಡಿದರೆ ಸಾಕು, ಇವನ ಮುಖ ಹುಳಿ. ಕಸಾಡೋರ್ ಎಂಬ ರಕ್ತಪಿಶಾಚಿ ಇವನನ್ನು 200 ವರ್ಷ ಗುಲಾಮನಾಗಿ ಇಟ್ಟುಕೊಂಡಿದ್ದ, ಗೊತ್ತು. ಕಾರಣ ಗೊತ್ತಾದ ಮಾತ್ರಕ್ಕೆ ಇಷ್ಟವಾಗಲೇಬೇಕಾ?

ಅಕ್ಕಲಕೋಟೆ ಕಡೆಯವ

ನನಗೆ ಇಷ್ಟೆಲ್ಲ ಜಗಳ ಬೇಡ. ಸ್ಕೈರಿಮ್‌ನ ಲಿಡಿಯಾ ಸಾಕು. 2011ರಿಂದ ನನ್ನ ಸಾಮಾನು ಹೊರುತ್ತಿದ್ದಾಳೆ. ಹೊರುವಾಗ ಒಂದು ಮಾತು ಕುಟುಕುತ್ತಾಳೆ, ಅಷ್ಟೇ. ಬಾಗಿಲಿಗೆ ಅಡ್ಡ ನಿಲ್ಲುವ ಚಟ ಒಂದು ಬಿಟ್ಟರೆ ಬಂಗಾರದಂಥವಳು. ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳ ಬಾಯಿ ಕೇಳಿ ಬಂದಿರುತ್ತೇನೆ. ರಾತ್ರಿ ಗೇಮ್‌ನಲ್ಲೂ ಯಾರನ್ನೋ ಸಮಾಧಾನ ಮಾಡಬೇಕಾ?

ಕುಂಬಳೆ ಭಾಗವತರ ಮೊಮ್ಮಗ

ಅಕ್ಕಾ, ಕರ್ಣಾರ್ಜುನ ತಾಳಮದ್ದಳೆ ಕೇಳಿದ್ದೀರಲ್ಲ? ಶಲ್ಯನನ್ನು ನೆನಪಿಸಿಕೊಳ್ಳಿ. ಕರ್ಣನ ರಥ ಹೊಡೆಯುತ್ತಲೇ ಕರ್ಣನನ್ನು ಹಂಗಿಸುತ್ತಾನೆ. ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಎಂದು ಕರ್ಣ ಹಟ ಹಿಡಿದಾಗ ರಥ ಇಳಿದು ಹೋಗಿಬಿಡುತ್ತಾನೆ. ಒಳ್ಳೆಯ ಅರ್ಥಧಾರಿ ಶಲ್ಯನಿಗೆ ಕೂತರೆ ನಡುರಾತ್ರಿಯೂ ಯಾರೂ ಚಾಪೆ ಬಿಟ್ಟು ಏಳುವುದಿಲ್ಲ. ಅವನೇನು ಒಳ್ಳೆಯವನಾ?

ರಥ ಇಳಿಯುವ ಧೈರ್ಯ ಇರುವವನೇ ನನಗೆ ಇಷ್ಟ. ಡ್ರ್ಯಾಗನ್ ಏಜ್ ಒರಿಜಿನ್ಸ್ 2009ರದ್ದು. ಅದರಲ್ಲಿ ಅಲಿಸ್ಟರ್ ಸದಾ ತಮಾಷೆ ಮಾಡುವ ಹುಡುಗ. ಆದರೆ ಯುದ್ಧಭೂಮಿಯಲ್ಲಿ ರಾಜನನ್ನು ಬಿಟ್ಟು ಹೋದ ಲೋಗೇನ್‌ನನ್ನು ಕ್ಷಮಿಸಿ ನಮ್ಮ ಪಡೆಗೆ ಸೇರಿಸಿಕೊಂಡರೆ ಅವನು ಮತ್ತೆ ನಮ್ಮ ಜೊತೆ ಬರುವುದಿಲ್ಲ. ಅಲ್ಲಿವರೆಗೆ ಎಷ್ಟು ಉಡುಗೊರೆ ಕೊಟ್ಟಿದ್ದರೂ ಲೆಕ್ಕಕ್ಕಿಲ್ಲ.

ನೀರ್ಚಾಲಿನವಳು

ಶಲ್ಯ ಸರಿಯಾಗಿ ಸಿಕ್ಕಿದ! ಆದರೆ ಉಡುಗೊರೆ ಅಂದಿರಲ್ಲ, ನನ್ನ ತಕರಾರು ಅಲ್ಲೇ ಇರುವುದು. ಅದೇ ಗೇಮ್‌ನ ಸ್ಟೆನ್ ಪಂಜರದಲ್ಲಿ ಸಿಗುವ ಗಂಭೀರ ಯೋಧ. ಕಳೆದುಹೋದ ಅವನ ಕತ್ತಿಯನ್ನು ಹುಡುಕಿ ಕೊಟ್ಟರೆ ಮನಸ್ಸು ತಿರುಗುತ್ತದೆ, ಅದು ಸರಿ. ಬೇರೆ ಚಿತ್ರಪಟಗಳನ್ನು ಸುಮ್ನೆ ಒಂದರ ಮೇಲೊಂದು ಕೊಟ್ಟರೂ ನಮ್ಮ ಮೇಲಿನ ಅವನ ಮೆಚ್ಚುಗೆಯ ಅಂಕ ಏರುತ್ತದೆ. ಇದು ಸ್ನೇಹವಾ, ಲಂಚವಾ?

ಬಾಲ್ಡರ್ಸ್ ಗೇಟ್ 3ರಲ್ಲೂ ಮೂಲೆಯಲ್ಲಿ ಇಂಥವರು ಮೆಚ್ಚಿದರು, ಇಂಥವರು ಮೆಚ್ಚಲಿಲ್ಲ ಅಂತ ಬರುತ್ತದೆ. ಅದನ್ನು ನೋಡಿ ತಮ್ಮ, ಹಿಂದಿನ ಸೇವ್ ಹಾಕು, ಇನ್ನೊಂದು ಉತ್ತರ ಕೊಡು ಅನ್ನುತ್ತಾನೆ. ಆಗ ನಾನು ಮಾತಾಡುತ್ತಿರುವುದು ಲೇಝೆಲ್ ಜೊತೆ ಅಲ್ಲ, ಮಾರ್ಕ್ಸ್ ಕಾರ್ಡ್ ಜೊತೆ. ಆ ಸಾಲು ತೆಗೆದುಹಾಕಿ, ಕೋಪ ಬಂದದ್ದನ್ನು ಅವರ ಮಾತಿನಿಂದಲೇ ತಿಳಿಯಲು ಬಿಟ್ಟಿದ್ದರೆ ಇವರೆಲ್ಲ ಇನ್ನೂ ಜಾಸ್ತಿ ಇಷ್ಟವಾಗುತ್ತಿದ್ದರು ನನಗೆ.

ಅಕ್ಕಲಕೋಟೆಯವರೇ, ನಿಮ್ಮ ಲಿಡಿಯಾ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಅವಳಿಗೆ ಏನು ಬೇಕು ಅಂತ ನಿಮಗೆ ಗೊತ್ತಾ?

ಅಕ್ಕಲಕೋಟೆ ಕಡೆಯವ

ನಾನು ಬಾಗಿಲಿನಿಂದ ಸರಿ ಅಂದಾಗ ಸರಿಯುವುದು ಬೇಡ, ಅಷ್ಟು ಗೊತ್ತು.

ತಾಳವಾಡಿ ಬೆಟ್ಟ

ಒರಿಜಿನ್ಸ್‌ನಲ್ಲಿ ನಾಯಿಯನ್ನು ಮರೆತಿರಾ? ಮಬಾರಿ ನಾಯಿಯ ಮೆಚ್ಚುಗೆ ಮೊದಲಿಂದಲೂ 100. ಏನೇ ಮಾಡಿ, ಇಳಿಯುವುದಿಲ್ಲ. ಅದರ ಮಟ್ಟಿಗೆ ಮಾರ್ಕ್ಸ್ ಕಾರ್ಡ್ ತಂಟೆ ಇಲ್ಲ.

ನಮಗೂ ಅವರಿಗೂ ನಡುವಿನದ್ದನ್ನೇ ಎಲ್ಲರೂ ಹೇಳುತ್ತಿದ್ದೀರಿ. ಅವರವರ ನಡುವಿನದ್ದು ನನಗೆ ಹೆಚ್ಚು ರುಚಿ. 2000ರಲ್ಲಿ ಬಂದ ಬಾಲ್ಡರ್ಸ್ ಗೇಟ್ 2ರಲ್ಲಿ ಕೆಲ್ಡಾರ್ನ್ ಎಂಬ ಧರ್ಮಯೋಧ, ವಿಕೋನಿಯಾ ಎಂಬ ಡ್ರೋ (ನೆಲದಡಿಯ ಎಲ್ಫ್ ಕುಲ) ಹೆಂಗಸು. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡರೆ ಒಂದು ದಿನ ಕತ್ತಿಗೆ ಕತ್ತಿ. ಒಬ್ಬರು ಸಾಯುವುದೇ. 3ರಲ್ಲಿ ಲೇಝೆಲ್‌ಗೂ ಇನ್ನೊಬ್ಬ ಜೊತೆಗಾತಿ ಶಾಡೋಹಾರ್ಟ್‌ಗೂ ಶಿಬಿರದಲ್ಲಿ ರಾತ್ರಿ ಹೊತ್ತು ಹಾಗೇ ಆಗಬಹುದು. ನೀರ್ಚಾಲಿನವರೇ, ನಿಮಗೆ ಆ ಜಗಳ ಬಂತಾ? ಯಾರ ಕಡೆ ನಿಂತಿರಿ?

ನೀರ್ಚಾಲಿನವಳು

ಬಂತು. ನಾನು ನಡುವೆ ಹೋಗಿ ಇಬ್ಬರನ್ನೂ ಬಿಡಿಸಿದೆ. ತಮ್ಮನಿಗೆ ಇವತ್ತಿಗೂ ಸಿಟ್ಟು, ಶಾಡೋಹಾರ್ಟ್ ಗೆಲ್ಲುತ್ತಿದ್ದಳಂತೆ. ಬಾಲ್ಡರ್ಸ್ ಗೇಟ್ 2 ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ? 3ಕ್ಕೆ 150 ಜಿಬಿ ಜಾಗ ಬಿಟ್ಟುಕೊಟ್ಟ ಮೇಲೆ ಇದರಲ್ಲಿ ಉಳಿದದ್ದು ಅಷ್ಟಕ್ಕಷ್ಟೇ.