ಸಾಕಿದ ಬಾಲ್ ಪೈಥಾನ್‌ಗೆ (ಒಂದು ಜಾತಿ ಹೆಬ್ಬಾವು) ಇಲಿ ಕಚ್ಚಿದೆ, ಏನ್ ಮಾಡ್ಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)
ರಾತ್ರಿ ಜೀವಂತ ಇಲಿ ಬಿಟ್ಟಿದ್ದೆ, ಹಾವು ಮುಟ್ಟಿಲ್ಲ. ಬೆಳಿಗ್ಗೆ ಬೆನ್ನಲ್ಲಿ ಕಡಲೆಕಾಳಿನಷ್ಟು ಎರಡು ಗಾಯ. ಹುರುಪೆ ಕಿತ್ತು ಕೆಂಪು ಮಾಂಸ ಕಾಣ್ತಿದೆ. ಬೆಟಾಡಿನ್ ಹಾಗೇ ಹಚ್ಚಬಹುದಾ?

ಉತ್ತರ 1 (ಮಂಡ್ಯ)
ಹಾಗೇ ಹಚ್ಚಬೇಡಿ. ಮೊದಲು ಸೂಜಿ ಇಲ್ಲದ ಸಿರಿಂಜಲ್ಲಿ ಸಲೈನ್ ತುಂಬಿ ಗಾಯ ಚೆನ್ನಾಗಿ ತೊಳೀರಿ. ಆಮೇಲೆ 10% ಬೆಟಾಡಿನ್ ಒಂದು ಪಾಲಿಗೆ ನೀರು ಹತ್ತು ಪಾಲು; ಹಾಲು ಹಾಕದ ತೆಳು ಟೀ ಬಣ್ಣ ಬರ್ಬೇಕು. ಅದರಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒತ್ತಿ, ಉಜ್ಜಬೇಡಿ. ನೋವಿನ ಔಷಧಿ ಬೆರೆತ ಮುಲಾಮು, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಬೇಡ.
ಗೂಡಲ್ಲಿ ತೆಂಗಿನ ನಾರಿನ ಪುಡಿ ಹಾಸಿದ್ರೆ ಪೂರ್ತಿ ತೆಗೆದು ಬಿಳಿ ಟಿಶ್ಯೂ ಹಾಸಿ, ದಿನಾ ಬದಲಿಸಿ. ಗೂಡಿನ ಬೆಚ್ಚಗಿನ ಬದಿ 31-32 ಡಿಗ್ರಿ ಸೆಲ್ಸಿಯಸ್ ಇರಲಿ. ತಣ್ಣಗಾದ್ರೆ ಹಾವಿನ ರೋಗನಿರೋಧಕ ಶಕ್ತಿ ಕುಗ್ಗಿ ಗಾಯ ಒಣಗೋದೇ ಇಲ್ಲ.

ಉತ್ತರ 2 (ಮೈಸೂರು)
ಮಾಂಸ ಕಂಡಿದೆ ಅಂದ್ರೆ ಇವತ್ತೇ ಸರೀಸೃಪ ನೋಡೋ ಡಾಕ್ಟರ್ ಹತ್ರ ಹೋಗಿ, ದಯವಿಟ್ಟು ತಡ ಮಾಡಬೇಡಿ. ಹಾವಿನ ಕೀವು ನಮ್ಮದರ ಹಾಗೆ ಹರಿಯಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಒಳಗೇ ಕೂರುತ್ತೆ; ಕೊಯ್ದೇ ತೆಗೀಬೇಕು. ಆಂಟಿಬಯಾಟಿಕ್ ಪ್ರಮಾಣ ತೂಕದ ಮೇಲೆ, ಹೋಗೋ ಮುಂಚೆ ಗ್ರಾಂ ಲೆಕ್ಕದಲ್ಲಿ ತೂಗಿಕೊಳ್ಳಿ.

ಪ್ರಶ್ನೆ ಕೇಳಿದವರು
ಹೊರಟೆ ಸಾರ್. ಮತ್ತೆ ಊಟ?

ಉತ್ತರ 1
ಗಾಯ ಒಣಗಿ ಡಾಕ್ಟರ್ ಹೇಳಿದ ಮೇಲೆ. ನೀರು ಮಾತ್ರ ಸದಾ ಇರಲಿ. ಇನ್ಮೇಲೆ ಫ್ರೀಜ್ ಮಾಡಿದ ಇಲಿನೇ ಕೊಡಿ: ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಕವರ್‌ನಲ್ಲಿ ಹಾಕಿ ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಉದ್ದನೆ ಚಿಮಟದಲ್ಲಿ ಹಿಡೀರಿ. ಹಸಿವಿಲ್ಲದ, ಪೊರೆ ಬಿಡೋ ಹಾವು ತಿರುಗಿ ಬೀಳಲ್ಲ. ಜೀವಂತ ಇಲಿ ಬಿಟ್ರೆ ಹಸಿದು ಹಾವನ್ನೇ ಕಡಿಯುತ್ತೆ.