ರಿಪೋರ್ಟ್ ನಾರ್ಮಲ್, ನಾನು ಮಾತ್ರ ಅಲ್ಲ: ಮುಟ್ಟಿಗೆ ಮುಂಚಿನ ಎಂಟು ದಿನ

ಕೇಳಿದವರು, ತುಮಕೂರಿನಿಂದ:

ನನಗೆ 29. ಮುಟ್ಟಿಗೆ ಇನ್ನೂ ಎಂಟು ದಿನ ಇದೆ ಅನ್ನುವಾಗಲೇ ಬಳೆ ಬಿಗಿಯಾಗುತ್ತೆ, ಎದೆ ಕಲ್ಲಿನ ಹಾಗೆ, ಹೊಟ್ಟೆ ಉಬ್ಬರ. ಅದನ್ನೆಲ್ಲ ತಡ್ಕೋಬಹುದು, ಮನಸ್ಸಿನದ್ದೇ ಕಷ್ಟ. ಹೋದ ತಿಂಗಳು ಸಾರಿಗೆ ಉಪ್ಪು ಕಮ್ಮಿ ಅಂದಿದ್ದಕ್ಕೆ ಇಡೀ ಪಾತ್ರೆ ಸಾರನ್ನ ಸಿಂಕಿಗೆ ಸುರಿದುಬಿಟ್ಟೆ. ಆಮೇಲೆ ಬಚ್ಚಲಲ್ಲಿ ಅಳ್ತಾ ಕೂತಿದ್ದೆ. ಮುಟ್ಟಾದ ಎರಡನೇ ದಿನಕ್ಕೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಇರ್ತೀನಿ. ರಕ್ತ ಪರೀಕ್ಷೆ ಮಾಡಿಸಿದರೆ ಹಾರ್ಮೋನ್ ಎಲ್ಲ ನಾರ್ಮಲ್. "ಏನೂ ಇಲ್ಲ, ಸುಮ್ನೆ ಹಚ್ಕೊಂಡಿದ್ದೀಯ" ಅಂತಾರೆ ಮನೇಲಿ. ರಿಪೋರ್ಟ್ ಸರಿ ಇದ್ದರೆ ನನಗ್ಯಾಕೆ ಹೀಗೆ? ಅನುಭವ ಇರೋರು ಹೇಳಿ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ:

ನಮ್ಮದು ರೇಷ್ಮೆ ಹುಳು ಸಾಕೋ ಮನೆ. ಗೋಡೆಗೆ ನೇತುಹಾಕಿದ ಒಂದು ನೋಟ್‌ಬುಕ್ಕಿದೆ, ಚಾಕಿ (ಮರಿಹುಳು) ತಂದ ದಿನ, ಮೂರನೇ ಜ್ವರ, ನಾಲ್ಕನೇ ಜ್ವರ, ಹುಳು ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದ ದಿನ ಎಲ್ಲ ಅದರಲ್ಲಿ. ಗೊತ್ತಿಲ್ಲದವರಿಗೆ: ಪೊರೆ ಬಿಡೋ ಮುಂಚೆ ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿ ಅಲ್ಲಾಡದೆ ಕೂರುತ್ತೆ, ಅದಕ್ಕೆ ಜ್ವರ ಅಂತೀವಿ. ಕಾಯಿಲೆ ಅಲ್ಲ. ಹುಳದ ಮೈಯೊಳಗಿನ ಹಾರ್ಮೋನಿನ ಕೆಲಸ ಅದು.

ಒಂದು ದಿನ ಸೊಪ್ಪು ಹಾಕ್ತಾ ಇದ್ದವಳು ಯಾರೋ ಏನೋ ಅಂದರು ಅಂತ ಸೊಪ್ಪಿನ ಮಂಕರಿ ಒದ್ದು ಹೊರಗೆ ಹೋದೆ. ಅವತ್ತು ರಾತ್ರಿ ಅದೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಯೋಕೆ ಶುರು ಮಾಡಿದೆ. ದಿನಕ್ಕೆ ಒಂದೇ ಸಾಲು: ಸಿಡುಕು, ಅಳು, ನಿದ್ದೆ, ಎದೆನೋವು, ಊತ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕಿ. ಎರಡು ಮುಟ್ಟು ಕಳೆಯೋ ಹೊತ್ತಿಗೆ ಕಣ್ಣಿಗೇ ಹೊಡೀತು. ಮುಟ್ಟಾದ ದಿನಾನ ಒಂದು ಅಂತ ಎಣಿಸಿದರೆ 4ನೇ ದಿನದಿಂದ 18ರ ತನಕ ಬರೀ ಸೊನ್ನೆ, 21 ದಾಟಿದರೆ ಎರಡು, ಮೂರು, ಮೂರು. ಡಾಕ್ಟರಮ್ಮ ನನ್ನ ಮಾತಿಗಿಂತ ಆ ಪುಟಾನೇ ಜಾಸ್ತಿ ಹೊತ್ತು ನೋಡಿದರು. ನಮ್ಮತ್ತೆಗೂ ತೋರಿಸಿದೆ. ಅವರಿಗೆ ಹಾರ್ಮೋನ್ ಗೊತ್ತಿಲ್ಲ, ಜ್ವರ ಗೊತ್ತು. ಈಗ ಆ ದಿನ ಬಂದರೆ "ನಿಮ್ಮಮ್ಮ ಜ್ವರಕ್ಕೆ ಕೂತವಳೆ, ಗಲಾಟೆ ಮಾಡಬೇಡ್ರೋ" ಅಂತ ಮಕ್ಕಳನ್ನ ಆಚೆ ಕಳಿಸ್ತಾರೆ.

ಗುಬ್ಬಿಯಿಂದ, ಸ್ಟಾಫ್ ನರ್ಸ್:

ತಂಗಿ, ನಿಮ್ಮ ರಿಪೋರ್ಟ್ ನಾರ್ಮಲ್ ಬಂದಿರೋದ್ರಲ್ಲಿ ಆಶ್ಚರ್ಯ ಇಲ್ಲ, ಈ ತೊಂದರೇಲಿ ಅದು ಹಾಗೇ ಬರೋದು. ಅದಕ್ಕೇ ದುಡ್ಡು ಸುರಿದು ಮತ್ತೆ ಮತ್ತೆ ಹಾರ್ಮೋನ್ ಟೆಸ್ಟ್ ಮಾಡಿಸಬೇಡಿ ಅಂತ ನಾನು ಹೇಳೋದು.

ಅಂಡ ಹೊರಬಿದ್ದ ಮೇಲೆ ಅದು ಇದ್ದ ಗೂಡು ಹಳದಿ ಗಂಟಾಗಿ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಸುರಿಸುತ್ತೆ. ಗರ್ಭ ನಿಲ್ಲದಿದ್ದರೆ ಎರಡು ವಾರದೊಳಗೆ ಆ ಗಂಟು ಬತ್ತಿ, ಪ್ರೊಜೆಸ್ಟರಾನೂ ಈಸ್ಟ್ರೋಜನ್ನೂ ಇಳಿದು, ಮುಟ್ಟಾಗುತ್ತೆ. ಈ ಏರಿಳಿತ ನಿಮಗೂ ಪಕ್ಕದ ಮನೆಯವರಿಗೂ ಒಂದೇ. ಅದನ್ನ ನಿಮ್ಮ ಮಿದುಳು ತಗೊಳ್ಳೋ ರೀತಿ ಬೇರೆ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಜೆಕ್ಷನ್ ಕೊಟ್ಟು ಅಂಡಾಶಯದ ಕೆಲಸ ನಿಲ್ಲಿಸಿದಾಗ ಈ ತೊಂದರೆ ಇದ್ದ ಹೆಂಗಸರಲ್ಲಿ ಹಲವರಿಗೆ ಸಿಡುಕು, ಬೇಸರ ಇಳೀತು. ಆಮೇಲೆ ಅವರಿಗೆ ಈಸ್ಟ್ರೋಜನ್ನೋ ಪ್ರೊಜೆಸ್ಟರಾನೋ ವಾಪಸ್ ಕೊಟ್ಟರೆ ಎಲ್ಲ ಮತ್ತೆ ಬಂತು. ತೊಂದರೆ ಇಲ್ಲದ ಹೆಂಗಸರಿಗೆ ಅದೇ ಹಾರ್ಮೋನ್ ಕೊಟ್ಟರೆ ಏನೂ ಆಗಲಿಲ್ಲ. "ಹಚ್ಕೊಂಡಿದ್ದೀಯ" ಅನ್ನೋರಿಗೆ ಇದನ್ನ ಓದಿ ಹೇಳಿ.

ಪ್ರೊಜೆಸ್ಟರಾನ್ ಒಡೆದು ಅಲೊಪ್ರೆಗ್ನನೊಲೋನ್ ಅನ್ನೋ ಇನ್ನೊಂದು ಪದಾರ್ಥ ಆಗುತ್ತೆ. ನಿದ್ದೆ ಮಾತ್ರೆ ಮಿದುಳಲ್ಲಿ ಎಲ್ಲಿ ಕೆಲಸ ಮಾಡುತ್ತೋ ಇದೂ ಅಲ್ಲೇ, ಮಿದುಳನ್ನ ತಣ್ಣಗಿಡೋ ಗಾಬಾ ಗ್ರಾಹಕದ ಮೇಲೆ. ಸಾಮಾನ್ಯವಾಗಿ ಸಮಾಧಾನ ತರಬೇಕು. ಕೆಲವರಲ್ಲಿ ಉಲ್ಟಾ. ಶೀತದ ಸಿರಪ್ ಕುಡಿದು ಹೆಚ್ಚಿನ ಮಕ್ಕಳು ತೂಕಡಿಸಿದರೆ ಒಂದೆರಡು ಮಕ್ಕಳು ಮನೆ ಎಲ್ಲ ಕುಣೀತಾವಲ್ಲ, ಹಾಗೆ. ಮನಸ್ಸಿನ ಹದ ಕಾಯೋ ಸಿರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕ ಕೂಡ ಇದರಲ್ಲಿ ಸೇರಿಕೊಂಡಿದೆ.

ಮೈಯ ತೊಂದರೆಯ ಕಾರಣ ಬೇರೆ. ಪ್ರೊಜೆಸ್ಟರಾನ್ ಕರುಳಿನ ಓಟ ನಿಧಾನ ಮಾಡುತ್ತೆ, ಅದಕ್ಕೇ ಆ ವಾರ ಮಲಬದ್ಧತೆ, ಉಬ್ಬರ. ಮುಟ್ಟಿನ ಹೊತ್ತಿಗೆ ಗರ್ಭಕೋಶದಿಂದ ಪ್ರೊಸ್ಟಾಗ್ಲಾಂಡಿನ್ ಅನ್ನೋ ಪದಾರ್ಥ ಬಿಡುಗಡೆಯಾಗಿ ಹೊಟ್ಟೆ ಹಿಂಡುತ್ತೆ, ಕರುಳೂ ಸಡಿಲ ಆಗುತ್ತೆ. ಮೊದಲನೇ ದಿನ ಎರಡು ಮೂರು ಸಲ ಓಡೋದು ಅದಕ್ಕೇ. ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. ಅಂಡ ಬಿಟ್ಟ ಮೇಲೆ ಮೈ ಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಹತ್ತಿರ ಏರೋದೂ ಉಂಟು. ಬೇಸಿಗೇಲಿ ಸೆಖೆ, ನಿದ್ದೆ ಇಲ್ಲ ಅನ್ನೋರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಚಿಕ್ಕನಾಯಕನಹಳ್ಳಿಯಿಂದ (ಅಜ್ಜಿ ಹೇಳಿದ್ದು, ಮೊಮ್ಮಗಳು ಟೈಪ್ ಮಾಡಿದ್ದು):

ನಮ್ ಕಾಲದಾಗೆ ಇವೆಲ್ಲ ಇರಲಿಲ್ಲ ಕಣಮ್ಮ. ಐದು ಮಕ್ಕಳು ನನಗೆ. ಆಪರೇಷನ್ ಮಾಡಿಸ್ಕೊಂಡ ಮೇಲೇ ತಲೆ ಕೆಟ್ಟಂಗೆ ಆಗೋಕೆ ಶುರುವಾಗಿದ್ದು, ತಿಂಗಳಿಗೊಂದ್ಸಲ.

ಗುಬ್ಬಿಯ ನರ್ಸ್:

ಅಜ್ಜಿ, ಆಪರೇಷನ್ನಿನಲ್ಲಿ ಕಟ್ಟೋದು ನಾಳ ಮಾತ್ರ, ಅಂಡಾಶಯ ತನ್ನ ಪಾಡಿಗೆ ಕೆಲಸ ಮಾಡುತ್ತೆ. ನೆನಪು ಮಾಡ್ಕೊಳ್ಳಿ, ಅದಕ್ಕೂ ಮುಂಚೆ ಬಸುರು, ಬಾಣಂತನ, ಮೊಲೆಹಾಲು ಅಂತ ಹತ್ತು ವರ್ಷದಲ್ಲಿ ಎಷ್ಟು ಸಲ ಮುಟ್ಟಾಗಿದ್ರಿ? ತಿಂಗಳು ತಿಂಗಳೂ ಆಗೋಕೆ ಶುರುವಾಗಿದ್ದೇ ಆಮೇಲಿರಬೇಕು.

ಚಿಕ್ಕನಾಯಕನಹಳ್ಳಿಯಿಂದ:

ಅಜ್ಜಿ ಬೆರಳು ಎಣಿಸ್ತಾ ಕೂತಿದ್ದಾರೆ. "ಬರದು ಕಮ್ಮಿನೇ ಆಗಿತ್ತು" ಅಂತಿದ್ದಾರೆ.

ಮುಳಬಾಗಿಲಿನಿಂದ:

ನನಗೆ ಕ್ಯಾಲ್ಸಿಯಂನಿಂದ ಸ್ವಲ್ಪ ಗುಣ ಕಂಡಿತು. ದಿನಕ್ಕೆ 1200 ಮಿಲಿಗ್ರಾಂ ಕೊಟ್ಟು ಮಾಡಿದ ಪ್ರಯೋಗದಲ್ಲಿ ಮೂರು ತಿಂಗಳಿಗೆ ತೊಂದರೆ ಅರ್ಧದಷ್ಟು ಇಳಿದಿತ್ತಂತೆ. ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲೂ ತಕ್ಕಮಟ್ಟಿಗೆ ಇಳಿದಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ನಮ್ಮ ರಾಗೀಲಿ ನೂರು ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಆದರೆ ಅಷ್ಟೂ ಮೈಗೆ ಹತ್ತಲ್ಲ. ಹಾಗಾಗಿ ಮುದ್ದೆ ಉಣ್ಣೋರಿಗೆ ಈ ತೊಂದರೆ ಬರಲ್ಲ ಅನ್ನೋದೆಲ್ಲ ನಂಬಬೇಡಿ. ಎರಡು ಹೊತ್ತು ಮುದ್ದೆ ಉಂಡೇ ನಾನು ರೇಗ್ತಿದ್ದೆ. ಮಾತ್ರೆ ಡಾಕ್ಟರನ್ನ ಕೇಳಿ ತಗೊಳ್ಳಿ, ಕಿಡ್ನಿ ಕಲ್ಲು ಇರೋರು ಮುಖ್ಯವಾಗಿ.

ಬಂಗಾರಪೇಟೆಯಿಂದ:

ನಾನೂ ಶಿಡ್ಲಘಟ್ಟದವರ ಹಾಗೇ ದಿನಾ ಅಂಕಿ ಬರೆದಿಟ್ಟೆ. ನನಗೆ ಸೊನ್ನೆ ದಿನಾನೇ ಸಿಗಲಿಲ್ಲ. ತಿಂಗಳಿಡೀ ಒಂದು, ಎರಡು, ಮುಟ್ಟಿನ ಮುಂಚೆ ಮೂರು. ಅದು ಖಿನ್ನತೆ, ಮುಟ್ಟಿನ ಹೊತ್ತಿಗೆ ಕೆರಳ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ಚಿಕಿತ್ಸೆ ಬೇರೆ. ಥೈರಾಯ್ಡ್, ರಕ್ತಹೀನತೆ ಒಂದ್ಸಲ ನೋಡಿಸ್ಕೊಳ್ಳಿ, ಅವೂ ಇದೇ ವೇಷ ಹಾಕ್ತಾವೆ.

ಕೋಲಾರದಿಂದ, ಕಾಲೇಜಿನಲ್ಲಿ ಪಾಠ ಮಾಡ್ತೀನಿ:

ನನ್ನದು ಇನ್ನೂ ಜೋರು. ಮುಟ್ಟಿಗೆ ಐದು ದಿನ ಮುಂಚೆ ಬದುಕೋದೇ ಬೇಡ ಅನ್ನಿಸ್ತಿತ್ತು, ಮುಟ್ಟಾದರೆ ಆ ಯೋಚನೆ ಮಾಯ. ಇದಕ್ಕೆ ಪಿಎಂಡಿಡಿ (ಪ್ರೀಮೆನ್‌ಸ್ಟ್ರುಯಲ್ ಡಿಸ್ಫೋರಿಕ್ ಡಿಸಾರ್ಡರ್, ಅಂದರೆ ಮುಟ್ಟಿನ ಮುಂಚೆ ಮನಸ್ಸು ತೀರಾ ಕೆಡೋ ಕಾಯಿಲೆ) ಅಂತಾರೆ, 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದೆ. ಸಿರೊಟೋನಿನ್ ಮೇಲೆ ಕೆಲಸ ಮಾಡೋ ಮಾತ್ರೆ ಕೊಟ್ಟರು. ಖಿನ್ನತೆಗೆ ಅದು ಹಿಡಿಯೋಕೆ ವಾರಗಳು ಬೇಕು, ಇದಕ್ಕೆ ಕೆಲವೇ ದಿನ ಸಾಕು, ಹಾಗಾಗಿ ಕೆಲವರಿಗೆ ತಿಂಗಳಲ್ಲಿ ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡ್ತಾರೆ. ನನಗೂ ಹಾಗೇ. ಮೆಡಿಕಲ್ ಸ್ಟೋರಿನಲ್ಲಿ ನೀವಾಗೇ ಕೇಳಿ ತಗೋಬೇಡಿ. ಸಾಯೋ ಯೋಚನೆ ಬಂದರೆ ಮುಟ್ಟಾಗಲಿ ಅಂತ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕೇಳಿದವರು, ತುಮಕೂರಿನಿಂದ:

1998ರ ಪ್ರಯೋಗದ ವಿಷಯ ನಮ್ಮನೆಯವರಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲಕ್ಕೆ ಟಿವಿ ಆಫ್ ಮಾಡಿ ಕೇಳಿದರು. ಶಿಡ್ಲಘಟ್ಟದ ಅಕ್ಕಾ, ಒಂದು ಡೌಟು: ಒಂದನೇ ದಿನ ಅಂತ ಯಾವುದನ್ನ ಹಾಕೋದು? ನನಗೆ ಮೊದಲೆರಡು ದಿನ ಬರೀ ಕಲೆ ಕಾಣಿಸುತ್ತೆ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ:

ಕಲೆ ಲೆಕ್ಕಕ್ಕಿಲ್ಲ. ಸರಿಯಾಗಿ ಹೋಗೋಕೆ ಶುರುವಾದ ದಿನವೇ ಒಂದು. ಪೆನ್ನನ್ನ ನೋಟ್‌ಬುಕ್ಕಿಗೇ ದಾರದಲ್ಲಿ ಕಟ್ಟಿಬಿಡಿ, ಇಲ್ಲದಿದ್ದರೆ ಮಕ್ಕಳು ಎತ್ಕೊಂಡು ಹೋಗ್ತಾವೆ.